ಶೀಟಿನ ಮೇಲೆ ಕಳೆದ ಆಷಾಢ

ಕಳೆದ ತಿಂಗಳು ನಾಗಮಂಗಲಕ್ಕೆ ಮಗಳ ಮನೆಗೆ ಹೋಗಿದ್ದೆ. ಮನೆಯ ಮುಂದೆ ಗಾಡಿ ನಿಲ್ಲಿಸುವ ಜಾಗಕ್ಕೆ ಪಾಲಿಕಾರ್ಬೊನೇಟ್ ಶೀಟು ಹಾಕಿಸುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಕೆಲಸದವನು ಶೀಟಿನ ಮೇಲೆ ಡ್ರಿಲ್ಲಿಂಗ್ ಮೆಷಿನ್ ಇಟ್ಟು ಒತ್ತಿದ. ಬಿಳಿ ಸುರುಳಿಗಳು ಉದುರಿದವು. ಅವುಗಳ ಜೊತೆಗೆ ಬಿಸಿಯಾದ ಪ್ಲಾಸ್ಟಿಕ್ಕಿನ, ತುಸು ಸಿಹಿ ಬೆರೆತ ಸುಟ್ಟ ವಾಸನೆ ಬಂತು. ನನ್ನ ಎರಡೂ ಅಂಗಾಲು ತಣ್ಣಗಾದವು. ಗಟ್ಟಿ ಕಲ್ಲಿನ ಜಗಲಿಯ ಮೇಲೆ ಕೂತಿದ್ದವನು ಲೋಟ ಕೆಳಗಿಟ್ಟು ಪಕ್ಕದ ಕಂಬವನ್ನು ಹಿಡಿದುಕೊಂಡೆ. ಮಗಳು ನೋಡಿ, "ಯಾಕಪ್ಪ, ತಲೆ ಸುತ್ತುತ್ತಾ?" ಅಂದಳು. ಇಲ್ಲ ಅಂದೆ. ಅವಳು ಹುಟ್ಟುವ ಮೊದಲಿನ ಒಂದು ಆಷಾಢ ನೆನಪಿಗೆ ಬಂತು ಎಂದು ಹೇಗೆ ಹೇಳುವುದು?

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮದು ಕಿರಂಗೂರು. ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಕ್ಕನನ್ನು ಅರಕೆರೆಗೆ ಕೊಟ್ಟಿದ್ದೆವು. ಭಾವ ಪುಟ್ಟಸ್ವಾಮಿಯವರ ಮನೆಯಲ್ಲಿ ಗದ್ದೆ, ಕಬ್ಬು, ಹಸು ಎಲ್ಲ ಇದ್ದರೂ ಅವರ ಮನಸ್ಸು ಮಾತ್ರ ಕಬ್ಬಿಣದ ಕೆಲಸದ ಕಡೆಗೇ. ವೆಲ್ಡಿಂಗ್ ಕಲಿತಿದ್ದರು, ಶೆಡ್ಡು ಕಟ್ಟುವುದು ಕಲಿತಿದ್ದರು. ಫಿಟ್ಟರ್ ಕೆಲಸ ಓದಿ ಸುಮ್ಮನೆ ಮನೆಯಲ್ಲಿದ್ದ ನನ್ನನ್ನು, "ಬಾರ್ಲಾ ಕುಮಾರ, ನನ್ ಜೊತೆ ಇರು" ಎಂದು ಕರೆದುಕೊಂಡಿದ್ದರು.

ಆಗ ನಮ್ಮ ಕಡೆಯ ಭತ್ತದ ಮಿಲ್ಲು, ಆಲೆಮನೆ, ಕೋಳಿ ಶೆಡ್ಡುಗಳಿಗೆಲ್ಲ ಸಿಮೆಂಟ್ ಶೀಟಿನ ಚಾವಣಿ. ಒಳಗೆ ಬೆಳಕು ಬರಲೆಂದು ನಡುನಡುವೆ ಫೈಬರ್ ಶೀಟು ಹಾಕಿರುತ್ತಿದ್ದರು. ನಾಲ್ಕಾರು ಬೇಸಿಗೆ ಕಳೆದರೆ ಫೈಬರ್ ಹಳದಿಗೆ ತಿರುಗಿ, ಒಣಗಿದ ಹಪ್ಪಳದ ಹಾಗೆ ಆಗಿಬಿಡುತ್ತಿತ್ತು. ಅದೇ ಹೊತ್ತಿಗೆ ಪಾಲಿಕಾರ್ಬೊನೇಟ್ ಬಂತು. ಗಾಜಿನಷ್ಟು ತಿಳಿ, ಒಡೆಯುವುದಿಲ್ಲ, ಒಬ್ಬನೇ ಎತ್ತಬಹುದಾದಷ್ಟು ಹಗುರ. ನಮ್ಮ ಜನ ಅದನ್ನು ಪಾಲಿ ಶೀಟು ಎಂದರು. ಭಾವ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಯವರೆಗೆ ತಿರುಗುತ್ತಿದ್ದರು. ಗಿರಾಕಿಯ ಮುಂದೆ ಅದನ್ನು ನೆಲಕ್ಕಿಟ್ಟು ಕೈಗೆ ಸುತ್ತಿಗೆ ಕೊಟ್ಟು, "ಒಡೀರಿ ಯಜಮಾನ್ರೆ, ಎಷ್ಟ್ ಕ್ವಾಪ ಅದೋ ಅಷ್ಟೂ ತೀರಿಸ್ಕಳಿ" ಅನ್ನುತ್ತಿದ್ದರು. ಸುತ್ತಿಗೆ ಪುಟಿದು ಬರುತ್ತಿತ್ತು. ಶೀಟಿಗೆ ಒಂದು ಬಿರುಕೂ ಬೀಳುತ್ತಿರಲಿಲ್ಲ. ಹೊಡೆದವರೇ ನಗುತ್ತಿದ್ದರು. ಕೆಲಸ ಸಿಗುತ್ತಿತ್ತು.

ಕೆಲಸದಲ್ಲಿ ಅಪಾಯವಿದ್ದದ್ದು ಹಳೆಯ ಫೈಬರ್ ಬಿಚ್ಚುವುದರಲ್ಲಿ. ಕೆಳಗೆ ಒಳಗಡೆ ನಿಂತು ನೋಡಿದರೆ ಯಾವುದು ಫೈಬರ್, ಯಾವುದು ಸಿಮೆಂಟ್ ಶೀಟು ಎಂದು ಮಗುವಿಗೂ ಗೊತ್ತಾಗುತ್ತದೆ. ಒಂದರಲ್ಲಿ ಬೆಳಕಿದೆ, ಇನ್ನೊಂದರಲ್ಲಿ ಇಲ್ಲ. ಮೇಲೆ ಹತ್ತಿದರೆ ಎರಡೂ ಒಂದೇ. ಧೂಳು, ಪಾಚಿ, ಹೊಟ್ಟು ಕೂತು ಎಲ್ಲ ಒಂದೇ ಬೂದಿ ಬಣ್ಣ. ಬೋಲ್ಟಿನ ತಲೆಗಳು ಸಾಲಾಗಿ ಕಾಣುವ ಕಡೆ ಅಡಿಯಲ್ಲಿ ಕಬ್ಬಿಣದ ಅಡ್ಡತೊಲೆ ಇರುತ್ತದೆ. ಆ ಸಾಲಿನ ಮೇಲೆ ಕಾಲಿಟ್ಟರೆ ಬದುಕಿದೆವು. ಸಾಲು ಬಿಟ್ಟು ಸಿಮೆಂಟ್ ಶೀಟಿನ ಮೇಲೆ ಇಟ್ಟರೆ ಬಿರುಕು ಬಿಡಬಹುದು. ಫೈಬರ್ ಮೇಲೆ ಇಟ್ಟರೆ ಹೇಳುವುದೇ ಬೇಡ.

ನಾನು ಇಟ್ಟಿದ್ದು ಸಿಂಧಘಟ್ಟದ ಒಂದು ಆಲೆಮನೆಯಲ್ಲಿ. ಮುಂಗಾರು ಇನ್ನೇನು ಹಿಡಿಯುವುದರಲ್ಲಿತ್ತು. ಕಬ್ಬು ಕಡಿದು ತಂದು ರಾಶಿ ಹಾಕಿದ್ದರಿಂದ ಆಲೆಮನೆಯವರು ಒಲೆ ನಿಲ್ಲಿಸಲು ಒಪ್ಪಲಿಲ್ಲ. ಕೆಳಗೆ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು, ಮೇಲೆ ನಾವು. ನನ್ನ ಕ್ಯಾನ್ವಾಸ್ ಶೂ ಹರಿದಿತ್ತು, ಹವಾಯಿ ಚಪ್ಪಲಿಯಲ್ಲೇ ಹತ್ತಿದ್ದೆ. ಮಸಿ ಹಿಡಿದ ಶೀಟಿನ ಮೇಲೆ ಬೋಲ್ಟು ಎಂದುಕೊಂಡದ್ದು ಬೋಲ್ಟಾಗಿರಲಿಲ್ಲ, ಹೊಗೆಮಸಿಯ ಗಂಟು. ಚುರ್ ಎಂದು ಸದ್ದಾಯಿತು, ಬಲಗಾಲು ತೊಡೆಯವರೆಗೆ ಇಳಿದುಹೋಯಿತು.

ಎಡ ಮಂಡಿ ಮತ್ತು ಎರಡು ಅಂಗೈ ಸಿಮೆಂಟ್ ಶೀಟಿನ ಮೇಲೆ ಉಳಿದವು. ಕೆಳಗೆ ಇಳಿದ ಕಾಲಿಗೆ ಪಾಕದ ಹಬೆ ಬಡಿಯುತ್ತಿತ್ತು. ಚಪ್ಪಲಿ ಜಾರಿತು. ಅದು ಬೀಳುವುದನ್ನು ನಾನು ನೋಡಲಿಲ್ಲ, ಬಿದ್ದ ಸದ್ದು ಮಾತ್ರ ಕೇಳಿತು. ದಪ್ಪನೆಯ, ನಿಧಾನದ, ಕೆಸರಿಗೆ ಕಲ್ಲು ಹಾಕಿದಂಥ ಸದ್ದು. ಕೆಳಗಿನಿಂದ ಯಾರೋ, "ಅಯ್ಯೋ, ಪಾಕ ಕೆಟ್ಟೋಯ್ತಲ್ಲಪ್ಪ" ಅಂದರು.  ಭಾವ ಹೊಟ್ಟೆಯ ಮೇಲೆ ತೆವಳಿ ಬಂದು ಕಂಕುಳಿಗೆ ಕೈ ಹಾಕಿ ಎಳೆದುಕೊಂಡರು. ತೊಡೆಯ ಚರ್ಮ ಕಿತ್ತಿತ್ತು, ಅಷ್ಟೇ. ಎಲ್ಲರೂ ದೇವರು ದೊಡ್ಡವನು ಎಂದರು. ಆಲೆಮನೆಯವರು ಬೆಲ್ಲ ಕೊಟ್ಟು, ನೀರು ಕುಡಿಸಿ ಕಳಿಸಿದರು.

ಹೆದರಿಕೆ ಆಮೇಲೆ ಬಂತು. ಆ ದಿನ ಬರಲಿಲ್ಲ, ಮಾರನೆಯ ದಿನ ಮನೆಯಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಬಂತು. ಕಾಲ ಕೆಳಗಿನ ಸಿಮೆಂಟಿನ ನೆಲ ಒಂದು ತೆಳುವಾದ ಹಾಳೆ ಎಂದು ಅನ್ನಿಸಿತು. ಅಲ್ಲಿಂದ ಮುಂದೆ ಎಲ್ಲಿ ಹೋದರೂ ಅದೇ. ಬಸ್ಸು ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಹೋಗುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಚರಂಡಿಯ ಮೇಲೆ ಹಾಸಿದ ಚಪ್ಪಡಿ ಕಂಡರೆ ಸುತ್ತು ಬಳಸಿ ನಡೆಯುತ್ತಿದ್ದೆ. ಮನೆಯೊಳಗೆ ಕೂಡ ಗೊತ್ತಿಲ್ಲದೆ ಗೋಡೆಯ ಅಂಚಿನಲ್ಲೇ ಓಡಾಡುತ್ತಿದ್ದೆನಂತೆ. ಹೆಂಡತಿ ಜಯ ಒಂದು ದಿನ ಕೇಳಿದಳು: "ಯಾಕೆ ಇಂಗ್ ನಡೀತೀರಿ, ನಡುಮನೇಲಿ ಮುಳ್ಳು ಬಿದ್ದದಾ?" ಕಾಲು ನೋವು ಅಂದೆ. ಅವಳು ಆಗ ಬಸುರಿ. ಅವಳಿಗೆ ಹೇಳುವ ಮಾತಾಗಿರಲಿಲ್ಲ ಅದು.

ಭಾವನಿಗೆ ಹೇಳಬೇಕಾಗಿ ಬರಲಿಲ್ಲ. ಆಷಾಢ ಹುಟ್ಟಿದ ಮೇಲೆ ಪಾಂಡವಪುರದ ಒಂದು ಭತ್ತದ ಮಿಲ್ಲಿನ ಕೆಲಸ ಬಂತು. ಮೊದಲ ದಿನ ಏಣಿಯ ಮೇಲಿನ ಮೆಟ್ಟಿಲಿನಲ್ಲಿ ನಿಂತವನು ಚಾವಣಿಗೆ ಕಾಲಿಡಲಾಗದೆ ಅಲ್ಲೇ ನಿಂತುಬಿಟ್ಟೆ. ಏಣಿಯ ತುದಿಯನ್ನು ಎರಡೂ ಕೈಯಿಂದ ತಬ್ಬಿಕೊಂಡೆ. ಮೇಲೆ ಕೂತಿದ್ದ ಭಾವ ಬೀಡಿ ಸೇದುತ್ತ ನನ್ನನ್ನೇ ನೋಡಿದರು.

"ಎದ್ರಿಕೆ ಆಯ್ತದಾ?"

"ಊಂ, ಭಾವ."

"ಸರಿ ಬುಡು. ನೀನು ಏಣಿ ತಾವೇ ಇದ್ದು ಬೋಲ್ಟು, ವಾಷರು ಕೊಡ್ತಿರು. ನಡುವ್ಲದ್ದು ನಾನ್ ನೋಡ್ಕತೀನಿ. ವೊಂದ್ಸಲ ಕಾಲ್ ಜಾರಿದ್ ಎತ್ತಿಗೂ ಇಂಗೇ ಆಯ್ತದೆ, ವಾರ ಕಳದ್ರೆ ಸರಿ ಓಯ್ತದೆ."

ಬೈಯಲಿಲ್ಲ, ನಗಲಿಲ್ಲ. ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿರಲಿಲ್ಲ. ಕಟ್ಟಿಕೊಳ್ಳಿ ಎಂದು ನಾನು ಆ ದಿನ ಹೇಳಿದೆ. "ಅಗ್ಗ ಕಟ್ಟಕೆ ನಾನೇನ್ ಅಸುವೇನ್ಲಾ" ಎಂದು ಎದ್ದು, ಬೋಲ್ಟಿನ ಸಾಲಿನ ಮೇಲೆ ಬದುವಿನ ಮೇಲೆ ನಡೆದಂತೆ ನಡೆದುಹೋದರು. 

ದೊಡ್ಡ ಮಿಲ್ಲು. ಪಶ್ಚಿಮಕ್ಕೊಂದು ಪೂರ್ವಕ್ಕೊಂದು ಲಾರಿ ನುಗ್ಗುವಷ್ಟು ಅಗಲದ ಬಾಗಿಲು. ಮುಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ, ಕಣದ ಆಚೆ ಬಸ್ಸಿನ ರಸ್ತೆ. ಒಳಗೆ ಎಷ್ಟೋ ವರ್ಷದ ಹೊಟ್ಟಿನ ಧೂಳು ಫೈಬರ್ ಶೀಟುಗಳನ್ನು ಮುಚ್ಚಿ, ಹಗಲಲ್ಲೇ ಬಲ್ಬು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಮಳೆ ಬಲಿಯುವ ಮೊದಲು ಶೀಟು ಬದಲಾಯಿಸಿ ಮುಗಿಸಬೇಕಿತ್ತು. ಅಲ್ಲಿ ಕಣ ಗುಡಿಸುವ, ಭತ್ತ ಮಗುಚುವ ಹೆಂಗಸರ ಗುಂಪಿತ್ತು. ಸಣ್ಣಮ್ಮ ಎನ್ನುವಾಕೆ ಅವರಲ್ಲಿ ಹಿರಿಯಳು. ಜೇಡರಬಲೆ ತೆಗೆಯುವ ಉದ್ದನೆಯ ಬಿದಿರಿನ ಗಳುವೊಂದು ಯಾವಾಗಲೂ ಅವಳ ಕೈಯಲ್ಲಿ ಇರುತ್ತಿತ್ತು. ಭಾವ ನಡೆಯುವಾಗ ಅವಳು ಕತ್ತೆತ್ತಿ ನೋಡುತ್ತ, "ಆಯಪ್ಪ ಏನು ಕೋತಿಗ್ ಉಟ್ಟವ್ನಾ" ಅನ್ನುತ್ತಿದ್ದಳು.

ಆಷಾಢದ ಗಾಳಿ ನಮ್ಮ ಕಡೆಯವರಿಗೆ ಹೊಸದಲ್ಲ. ಆ ವರ್ಷ ಮಾತ್ರ ಅದು ಮೊದಲ ವಾರದಲ್ಲೇ ಕಬ್ಬಿನ ಗದ್ದೆಗಳನ್ನು ಮಲಗಿಸಿಬಿಟ್ಟಿತ್ತು. ನಾನು ಚಾವಣಿಯ ಅಂಚಿನಲ್ಲಿ, ಏಣಿಯ ತುದಿಗೆ ಒಂದು ಕೈ ಸುತ್ತಿಕೊಂಡು, ಗಾಳಿಯ ಸದ್ದು ಕೇಳುತ್ತ ಕೂತಿರುತ್ತಿದ್ದೆ. ಅದು ದೂರದ ತೆಂಗಿನ ತೋಟದಲ್ಲಿ ಎದ್ದು, ರಸ್ತೆಯ ಹುಣಸೆಮರಕ್ಕೆ ಬಂದು, ಆಮೇಲೆ ಮಿಲ್ಲಿನ ಬಾಗಿಲಿಗೆ ನುಗ್ಗುತ್ತಿತ್ತು. ಒಳಗೆ ನುಗ್ಗಿದ ಗಾಳಿ, ಶೀಟು ತೆಗೆದ ತೆರಪಿನಿಂದ ಮೇಲಕ್ಕೆ ಚಿಮ್ಮುತ್ತಿತ್ತು, ಹೊಟ್ಟಿನ ಸಮೇತ.

ಅದು ನಡೆದದ್ದು ಒಂದು ದಿನ ಬೆಳಗಿನ ತಿಂಡಿ ಮುಗಿಸಿ, ಆ ದಿನದ ಎರಡನೇ ಶೀಟು ಏರಿಸಿದ ಹೊತ್ತಿಗೆ. ನಡು ಚಾವಣಿಯಲ್ಲಿ ಭಾವ ಅಕ್ಕಪಕ್ಕದ ಎರಡು ಹಳೆ ಫೈಬರ್ ಬಿಚ್ಚಿದ್ದರು. ಒಂದು ತೆರಪಿಗೆ ಹೊಸ ಶೀಟು ಹೊದಿಸಿ, ಮೇಲ್ಗಡೆಯ ಬೋಲ್ಟುಗಳನ್ನು ಬಿಗಿದು, ಶೀಟಿನ ಮೇಲಿದ್ದ ತೆಳು ಪ್ಲಾಸ್ಟಿಕ್ ಪೊರೆಯನ್ನು ಸುಲಿದು ಎಸೆದಿದ್ದರು. ಕೆಳಗಿನ ತುದಿ ಇನ್ನೂ ಬಿಡಿ. ಹುಣಸೆಮರ ಒಮ್ಮೆ ಪೂರಾ ಬಾಗಿದ್ದನ್ನು ನಾನು ಕಂಡೆ. "ಭಾವ" ಎಂದು ಕೂಗುವಷ್ಟರಲ್ಲಿ ಗಾಳಿ ಮಿಲ್ಲಿನೊಳಗೆ ಹೊಕ್ಕಾಗಿತ್ತು. ಶೀಟಿನ ಬಿಡಿ ತುದಿ ಎದ್ದು ನಿಂತಿತು. ಅದು ಕಿತ್ತು ಹಾರಿದರೆ ಹೋಗಿ ಬೀಳುವುದು ಕಣಕ್ಕೆ, ಹೆಂಗಸರ ಮೇಲೆ. ಅದರ ಅಂಚು ಕತ್ತಿಯ ಹಾಗಿರುತ್ತದೆ. ಭಾವ ಹಿಂದೆಮುಂದೆ ನೋಡಲಿಲ್ಲ. ಶೀಟಿನ ಮೇಲೆ ಬೋರಲಾಗಿ ಬಿದ್ದು ಎರಡೂ ಅಂಚು ಹಿಡಿದುಕೊಂಡರು. ಅವರ ತೂಕಕ್ಕೆ ಶೀಟು ಕೆಳಕ್ಕೆ ಕೂತಿತು. ತೆರಪಿನ ಪಕ್ಕ ನಡೆಯಲು ಅವರು ಅಡ್ಡ ಹಾಸಿಕೊಂಡಿದ್ದ ಇನ್ನೊಂದು ಬಿದಿರಿನ ಏಣಿ ಮಾತ್ರ ಜಾರಿ ಚಾವಣಿಯಿಂದ ಆಚೆಗೆ ಬಿದ್ದುಹೋಯಿತು.

ಗಾಳಿ ಒಂದು ಗಳಿಗೆ ನಿಂತಿತು. ಭಾವ ಈಗ ಎದ್ದು ಬರುತ್ತಾರೆ ಎಂದುಕೊಂಡೆ. ಏಳಲಿಲ್ಲ.

"ಭಾವ, ಬನ್ನಿ, ಗಾಳಿ ನಿಂತದೆ."

 ಮತ್ತೆ ಕೂಗಿದೆ. ಅವರ ತಲೆ ಅಲುಗಲಿಲ್ಲ. ಬೆನ್ನು ಮಾತ್ರ ಏರಿ ಇಳಿಯುತ್ತಿತ್ತು, ಓಡಿ ಬಂದ ನಾಯಿಯ ಹಾಗೆ. ಇನ್ನೊಂದು ಗಾಳಿ ಬಂದು ಶೀಟು ಅವರನ್ನು ಹೊತ್ತುಕೊಂಡೇ ಸ್ವಲ್ಪ ಎದ್ದು ಧಪ್ಪೆಂದು ಬಿತ್ತು. ಪಕ್ಕದಲ್ಲಿ ಬಾಯಿ ತೆರೆದ ಇನ್ನೊಂದು ತೆರಪು. ಒಂದು ಮೊಳ ಜಾರಿದರೆ ಅದರೊಳಕ್ಕೆ.

ಹೋಗುವವನು ನಾನೊಬ್ಬನೇ. ನನಗೆ ಧೈರ್ಯ ಬರಲಿಲ್ಲ. ಬಂತು ಎಂದು ಇಷ್ಟು ವರ್ಷದ ಮೇಲೆ ಹೇಳಿದರೆ ಸುಳ್ಳಾಗುತ್ತದೆ.  ಪ್ಯಾಂಟು ಒದ್ದೆಯಾಗಿತ್ತು. ಆದರೂ ಏಣಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡೆ. ಇನ್ನೊಂದು ತುದಿಯನ್ನು ಕೆಳಗಿದ್ದ ಹಮಾಲರಿಗೆ ಎಸೆದು, ಕಂಬಕ್ಕೊಂದು ಸುತ್ತು ಹಾಕಿ ಹಿಡಿಯಿರಿ, ಎರಡೂ ಬಾಗಿಲು ಹಾಕಿಸಿ ಎಂದೆ. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಅಂಗೈ, ಮಂಡಿ ಊರಿ ಚಾವಣಿಯ ಮೇಲೆ ಹೊರಟೆ.

ನಾಲ್ಕು ಮಾರು ಹೋದ ಮೇಲೆ ಬೋಲ್ಟಿನ ಸಾಲು ಧೂಳಿನಲ್ಲಿ ಮುಳುಗಿಹೋಗಿತ್ತು. ಇನ್ನೂ ಬಿಚ್ಚದ ಹಳೆ ಫೈಬರುಗಳು ಆ ಕಡೆಯೇ ಎಲ್ಲೋ ಇದ್ದವು. ಸಿಂಧಘಟ್ಟದಲ್ಲಿ ಕಂಡ ಬೂದಿ ಬಣ್ಣವೇ. ಕೈ ಮುಂದಕ್ಕೆ ಹೋಗಲಿಲ್ಲ. ಆಗ ನನ್ನ ಬಲಗೈಯ ಪಕ್ಕದಲ್ಲಿ, ಅಡಿಯಿಂದ, ಡಬ್ ಡಬ್ ಎಂದು ಬಡಿದ ಸದ್ದಾಯಿತು. ಕಣ ಬಿಟ್ಟು ಹೆಂಗಸರೊಂದಿಗೆ ಒಳಗೆ ಬಂದಿದ್ದ ಸಣ್ಣಮ್ಮನ ದನಿ ಕೆಳಗಿನಿಂದ ಬಂತು.

"ಇಲ್ಲಿ ಬೆಳ್ಕು ಕಣಪ್ಪ, ಇದ್ರ ಮ್ಯಾಲೆ ಕೈ ಊರ್ಬ್ಯಾಡ. ಎಡಕ್ ಬಾ."

ಜೇಡರಬಲೆಯ ಗಳುವಿನಲ್ಲಿ ಅವಳು ಒಳಗಿನಿಂದ ಶೀಟುಗಳನ್ನು ಬಡಿಯುತ್ತಿದ್ದಳು. ಫೈಬರಿಗೆ ಬಡಿದರೆ ತಮಟೆಯ ಸದ್ದು, ಸಿಮೆಂಟಿಗೆ ಬಡಿದರೆ ಮಂದ ಸದ್ದು, ತೊಲೆಗೆ ಬಡಿದರೆ ಟಣ್ ಎನ್ನುವ ಕಬ್ಬಿಣದ ಸದ್ದು. ನಾನು ಎಡಕ್ಕೆ ಸರಿದೆ. ಅಲ್ಲಿ ಟಣ್ ಅಂದಿತು. "ಅದು ತೊಲೆ. ಅದ್ರ ಮ್ಯಾಗೇ ಬಾ ನನ್ನಪ್ಪ" ಅಂದಳು. ಅವಳು ಕೆಳಗೆ, ನಾನು ಮೇಲೆ. ಕಾಣದ ಒಬ್ಬಳ ಗಳುವಿನ ಹಿಂದೆ ಅಂಬೆಗಾಲಿಕ್ಕಿದೆ. ನನ್ನ ಉಸಿರಿಗೆ ಎದ್ದ ಧೂಳು ಕಣ್ಣಿಗೆ ಹೋಗುತ್ತಿತ್ತು, ಒರೆಸಲು ಕೈ ಎತ್ತುವ ಹಾಗಿರಲಿಲ್ಲ.

ಭಾವನ ಪಕ್ಕ ತಲುಪಿ ಅಡ್ಡತೊಲೆಯ ಮೇಲೆ ಮಲಗಿದೆ. ಅವರ ಮುಖ ನನ್ನಿಂದ ಒಂದು ಗೇಣು. ಕಣ್ಣು ತೆರೆದೇ ಇತ್ತು, ರೆಪ್ಪೆ ಹೊಡೆಯುತ್ತಿರಲಿಲ್ಲ. ಹೊಸ ಶೀಟು, ಒಂದು ಚೂರೂ ಧೂಳಿಲ್ಲದ್ದು. ಅದರ ಮೂಲಕ ಮಿಲ್ಲಿನ ನೆಲ ಕಾಣುತ್ತಿತ್ತು. ಆ ಎತ್ತರದಿಂದ ಯಂತ್ರದ ಗಾಲಿಗಳು, ಮೂಟೆಗಳು, ಮೇಲಕ್ಕೆತ್ತಿದ ಹೆಂಗಸರ ಮುಖಗಳು ಶೀಟಿನ ಅಲೆಗಳಲ್ಲಿ ಬಾಗಿ ಬಾಗಿ ಕಾಣುತ್ತಿದ್ದವು.

"ಕುಮಾರ" ಅಂದರು. ದನಿ ಮಗುವಿನ ದನಿಯಾಗಿತ್ತು. "ಏನೂ ಇಲ್ಲ ಕಣ್ಲಾ ಕೆಳ್ಗೆ."

"ಶೀಟ್ ಅದೆ ಭಾವ. ನೀವೇ ಹಾಕಿದ್ದು."

"ಎಲ್ಲದೆ? ಕಾಣಕಿಲ್ಲ."

"ನಿಮ್ಮ ಎದೆ ಕೆಳ್ಗದೆ. ಸುತ್ತಿಗೇಲಿ ಒಡುದ್ರೂ ಒಡ್ಯಕಿಲ್ಲ ಅಂತ ನೀವೇ ಅಂತಿದ್ರಿ."

"ಕಾಣಕಿಲ್ಲ ಕಣ್ಲಾ" ಅಂದರು ಮತ್ತೆ. ಕಣ್ಣು ಮುಚ್ಚಿಕೊಳ್ಳಿ ಅಂದೆ. ಮುಚ್ಚಿದರೆ ಬೀಳುತ್ತೀನಿ ಎಂದರು. ಅವರ ಬೆರಳುಗಳು ಶೀಟಿನ ಅಂಚಿಗೆ ಕಚ್ಚಿಕೊಂಡು ಉಗುರಿನ ಬುಡದಲ್ಲಿ ರಕ್ತ ಒಸರುತ್ತಿತ್ತು. ಆ ಬೆರಳುಗಳನ್ನು ಬಿಡಿಸಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ನನ್ನ ತಲೆಗೆ ಸುತ್ತಿದ್ದ ಟವಲನ್ನು ಎಳೆದು, ಅವರ ಮುಖದ ಅಡಿಗೆ ಮೆಲ್ಲಗೆ ತೂರಿಸಿದೆ. ಮೂಗಿನಿಂದ ಎದೆಯವರೆಗೆ ಹಾಸಿದೆ. ಮಾಸಿದ ಕೆಂಪು ಚೌಕಳಿಯ ಟವಲು. ನೆಲ ಮರೆಯಾಯಿತು. ಅವರು ಒಂದು ದೀರ್ಘ ಉಸಿರು ಬಿಟ್ಟು ಕೆನ್ನೆಯನ್ನು ಬಟ್ಟೆಗೆ ಒತ್ತಿದರು.

"ಅಂಗೇ ಇರಿ ಭಾವ. ನೀವು ಏಳದೇ ಬ್ಯಾಡ. ನಾನು ಬೋಲ್ಟ್ ಬಿಗೀತೀನಿ."

ಅವರು ಶೀಟಿನ ಮೇಲೆ ಮಲಗಿದ್ದಂತೆಯೇ ಬಿಡಿ ತುದಿಯ ಬೋಲ್ಟುಗಳನ್ನು ಹಾಕಿದೆ. ತೂತುಗಳನ್ನು ಅವರು ಆಗಲೇ ಕೊರೆದಿಟ್ಟಿದ್ದರು. ಸುತ್ತಲೂ ಸುಟ್ಟ ಪ್ಲಾಸ್ಟಿಕ್ಕಿನ ಅದೇ ಸಿಹಿ ವಾಸನೆ. ಮೊದಲ ವಾಷರು ಜಾರಿ ಕೆಳಗೆ ಬಿತ್ತು. ಅದು ನೆಲ ಮುಟ್ಟಿದ ಸದ್ದಿಗೆ ಭಾವನ ಮೈಯೆಲ್ಲ ಒಮ್ಮೆ ಸೆಟೆಯಿತು. ಕೊನೆಯ ನಟ್ಟು ಬಿಗಿದಾಗ ಮತ್ತೊಂದು ಗಾಳಿ ಬಂತು. ಶೀಟು ಒಂದಿಷ್ಟು ಗುಯ್‌ಗುಟ್ಟಿ ಸುಮ್ಮನಾಯಿತು. "ಈಗ ಅಲ್ಲಾಡಕಿಲ್ಲ, ನೋಡಿ" ಎಂದು ಅಂಗೈಯಿಂದ ಬಡಿದು ತೋರಿಸಿದೆ. ಬಹಳ ಹೊತ್ತಿನ ಮೇಲೆ ಅವರ ಒಂದು ಕೈ ಸಡಿಲಿತು. ನನ್ನ ಸೊಂಟದ ಹಗ್ಗವನ್ನೇ ಅವರಿಗೂ ಒಂದು ಸುತ್ತು ಹಾಕಿ, ಟವಲನ್ನು ಮುಖದ ಅಡಿಯಲ್ಲೇ ಇಟ್ಟು ಎಳೆಯುತ್ತ, ಸಣ್ಣಮ್ಮನ ಗಳುವಿನ ಸದ್ದು ಹಿಡಿದು ವಾಪಸು ಬಂದೆವು. ಭಾವ ಏಣಿಗೆ ಕಾಲಿಡುವಾಗ ಪ್ರತಿ ಮೆಟ್ಟಿಲನ್ನೂ ಪಾದದಲ್ಲಿ ತಡವಿ ನೋಡಿದರು.

ಕೆಳಗೆ ಬಂದು ಭತ್ತದ ಮೂಟೆಯ ಮೇಲೆ ಕೂತರು. ಬೆರಳುಗಳು ಇನ್ನೂ ಮಡಿಚಿಕೊಂಡೇ ಇದ್ದವು. ಸಣ್ಣಮ್ಮ ಚೊಂಬನ್ನು ಅವರ ಬಾಯಿಗೆ ಹಿಡಿದು ನೀರು ಕುಡಿಸಿದಳು. ನನಗೆ ವಾಂತಿಯಾಯಿತು. ಒದ್ದೆ ಪ್ಯಾಂಟನ್ನು ಕಂಡವರು ಕಾಣದಂತೆ ಇದ್ದರು. ಇಬ್ಬರೂ ಅರಕೆರೆಯ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಕಿಟಕಿಯ ಕಡೆ ನೋಡಿಕೊಂಡೇ, "ನಿಮ್ಮಕ್ಕುಂಗೆ ಏಳ್ಬ್ಯಾಡ" ಅಂದರು. ನಾನು ಹೇಳಲಿಲ್ಲ. ಅಕ್ಕ ಅವರ ಉಗುರು ನೋಡಿ ತಾನೇ ತಿಳಿದುಕೊಂಡಳು. ಅರಿಶಿನ ಎಣ್ಣೆ ಹಚ್ಚುತ್ತ, ನನ್ನನ್ನು ಮಾತ್ರ ಕೇಳಿದಳು: "ನೀನಿದ್ಯಾ ಜೊತೇಲಿ?" ಇದ್ದೆ ಅಂದೆ.

ಮಿಲ್ಲಿನಲ್ಲಿ ಇನ್ನೂ ಅರ್ಧ ಕೆಲಸ ಉಳಿದಿತ್ತು. ಬಿಚ್ಚಿದ ತೆರಪುಗಳ ಕೆಳಗೆ ಮೂಟೆಗಳಿದ್ದವು, ಮಳೆ ಯಾವ ಹೊತ್ತಿಗಾದರೂ ಬರುವಂತಿತ್ತು. ಮಾರನೆಯ ದಿನ ಭಾವ ಬಂದರು, ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದರು, ಡ್ರಿಲ್ಲಿಂಗ್ ಮೆಷಿನ್ ತೆಗೆದು ನನ್ನ ಕೈಗಿಟ್ಟರು.  ಆ ಕಬ್ಬಿಣದ ಭಾರ ನನ್ನ ಕೈಗೆ ಇಂದಿಗೂ ನೆನಪಿದೆ. ಮಿಕ್ಕ ದಿನಗಳಲ್ಲಿ ನಾನು ಮೇಲೆ, ಅವರು ಕೆಳಗೆ. ನನ್ನ ಹಗ್ಗವನ್ನು ಅವರು ಹಮಾಲರಿಗೆ ಕೊಡುತ್ತಿರಲಿಲ್ಲ, ತಮ್ಮ ಸೊಂಟಕ್ಕೇ ಸುತ್ತಿಕೊಳ್ಳುತ್ತಿದ್ದರು. ನಾನು ಹತ್ತುವ ಮೊದಲು ಎರಡೂ ಬಾಗಿಲು ಅವರೇ ಹೋಗಿ ಮುಚ್ಚುತ್ತಿದ್ದರು. ಸಣ್ಣಮ್ಮ ತನ್ನ ಬಿದಿರಿನ ಗಳು ಹಿಡಿದು ಬರುತ್ತಿದ್ದಳು. ವಾರ ಕಳೆದರೆ ಸರಿಹೋಗುತ್ತದೆ ಎಂದಿದ್ದರಲ್ಲ ಭಾವ, ನನಗೆ ಸರಿಹೋಗಲಿಲ್ಲ. ದಿನಾ ಬೆಳಿಗ್ಗೆ ಮಿಲ್ಲಿನ ಹಿಂದೆ ಹೋಗಿ ತಿಂದದ್ದು ಕಕ್ಕಿ, ಬಾಯಿ ಮುಕ್ಕಳಿಸಿ, ಹತ್ತುತ್ತಿದ್ದೆ. ಆಮೇಲೆ ಎಷ್ಟೋ ವರ್ಷ ಅದೇ ಕೆಲಸ ಮಾಡಿದೆ, ಹಗ್ಗವಿಲ್ಲದೆ ಒಂದು ದಿನವೂ ಹತ್ತಲಿಲ್ಲ, ಹೆದರದೆ ಒಂದು ದಿನವೂ ಹತ್ತಲಿಲ್ಲ. ಭಾವ ಆ ವರ್ಷದ ಕೊನೆಗೆ ಕೆಲಸ ಬಿಟ್ಟು ಹಸುಗಳ ಕಡೆ ಗಮನ ಕೊಟ್ಟರು. ಡೈರಿಗೆ ಹಾಲು ಹಾಕುವುದರಲ್ಲಿ ಅವರ ಮನೆಯೇ ಊರಿಗೆ ಮುಂದು ಎನ್ನುವ ಹಾಗೆ ಬೆಳೆಸಿದರು.

ಕೊನೆಯ ಶೀಟು ಕೂತ ಮಾರನೆಯ ಬೆಳಿಗ್ಗೆ ಸಾಮಾನು ತರಲು ಮಿಲ್ಲಿಗೆ ಹೋದೆವು. ರಾತ್ರಿಯೆಲ್ಲ ಸುರಿದ ಮಳೆ ಬಿಟ್ಟು ಬಿಸಿಲು ಬಂದಿತ್ತು. ಒಳಗೆ ಬಲ್ಬು ಉರಿಯುತ್ತಿರಲಿಲ್ಲ. ಒಂದು ಹನಿಯೂ ಸೋರಿರಲಿಲ್ಲ. ನೆಲದ ಮೇಲೆ ಉದ್ದಕ್ಕೂ ಬಿಸಿಲಿನ ದೊಡ್ಡ ದೊಡ್ಡ ಚೌಕಗಳು ಬಿದ್ದಿದ್ದವು, ನೀರು ನಿಂತ ಗದ್ದೆಮಡಿಗಳ ಹಾಗೆ ಹೊಳೆಯುತ್ತ. ಹೆಂಗಸರು ಆ ಬೆಳಕಿನಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಸಾಮಾನಿನ ಪೆಟ್ಟಿಗೆ ಇದ್ದದ್ದು ಆ ಕೊನೆಯಲ್ಲಿ. ಭಾವ ಮೊದಲ ಚೌಕದ ಅಂಚಿಗೆ ಬಂದು ನಿಂತರು. ಮೇಲೆ ನೋಡಲಿಲ್ಲ. ಬಿಸಿಲಿನೊಳಗೆ ಕಾಲಿಡಲಿಲ್ಲ. ಗೋಡೆಯ ಕಡೆಗೆ ತಿರುಗಿ, ನೆರಳಿರುವ ಕಡೆಯೇ ಸುತ್ತಿಕೊಂಡು ಹೊರಟರು.

ಗೋಡೆಯ ಪಕ್ಕ ಭತ್ತದ ರಾಶಿ ಅಡ್ಡವಿತ್ತು. ಸಣ್ಣಮ್ಮ ಅವರನ್ನು ನೋಡಿದಳು.  ಎದ್ದು ಬಂದು, ಆ ಭತ್ತವನ್ನು ಪೊರಕೆಯಿಂದ ಬಿಸಿಲಿನ ಕಡೆಗೆ ತಳ್ಳಿ, ನೆರಳಿನಲ್ಲಿ ಒಬ್ಬರು ನಡೆಯುವಷ್ಟು ದಾರಿ ಬಿಡಿಸಿಕೊಟ್ಟಳು. ಭಾವ ಆ ದಾರಿಯಲ್ಲಿ ಹೋದರು. ಅವರ ಹಿಂದೆ ನಾನೂ ಹೋದೆ.